ಚೀಲದ ನಡುವಿಗೆ ಕೈ ಹಾಕಿದ ಸೊಸೆ

ನನ್ನ ಸೊಸೆ ಜ್ಯೋತಿ ಮೂವತ್ತಾರನೇ ವಯಸ್ಸಿನಲ್ಲಿ ಕಾಲೇಜಿಗೆ ಹೋಗುತ್ತೇನೆ ಎಂದಾಗ ನನ್ನ ಮಗ ವೀರೇಶ್ ಮೊದಲು ನಕ್ಕ. ಅವಳು ನಗುತ್ತಿಲ್ಲ ಎಂದು ಕಂಡ ಮೇಲೆ ನಗು ನಿಲ್ಲಿಸಿದ. ನಾನಂತೂ ನಗಲಿಲ್ಲ. ಅವಳು ಹಟ ಹಿಡಿದರೆ ಏನಾಗುತ್ತದೆ ಎಂದು ಪ್ಯಾರೀಸ್ ಕಾರ್ನರಿನ ಹಮಾಲರಿಗೂ ಗೊತ್ತು.

ಈ ತಮಿಳು ಪಟ್ಟಣದ ಆ ಪೇಟೆಯಲ್ಲೇ ನಮ್ಮ ಬ್ಯಾಡಗಿ ಮೆಣಸಿನಕಾಯಿಯ ಸಗಟು ಅಂಗಡಿ. ಮನೆ ರಾಯಪುರಂನಲ್ಲಿ. ಜ್ಯೋತಿ ಗಣಿತದಲ್ಲಿ ಬಿ.ಎಸ್ಸಿ. ಓದಿದವಳು, ಮದುವೆಯಾದ ಮೇಲೂ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ಅಷ್ಟರಲ್ಲಿ ನಮ್ಮ ಯಜಮಾನರಿಗೆ ಲಕ್ವಾ ಹೊಡೆದು ಬಲಗೈ ಸ್ವಾಧೀನ ತಪ್ಪಿತು. ವೀರೇಶ್ ಖರೀದಿಗೆಂದು ಅರ್ಧ ತಿಂಗಳು ಬ್ಯಾಡಗಿಯಲ್ಲೇ ಇರುವವನು. ಗಲ್ಲಾ ಮುಂದೆ ಕೂರುವವರು ಯಾರು? ಯಾರೂ ಕೇಳುವ ಮೊದಲೇ ಜ್ಯೋತಿ ಶಾಲೆ ಬಿಟ್ಟು ಬಂದು ಕೂತಳು. ಆ ಘಾಟಿನಲ್ಲಿ ಸೀನುತ್ತ, ಬೈಸಿಕೊಂಡು ತಮಿಳು ಕಲಿಯುತ್ತ ಹತ್ತು ವರ್ಷ ಕೂತಳು. ಅವಳಿಂದ ನಮ್ಮ ಮನೆಯ ಒಲೆ ಉರಿಯಿತು. ಇದನ್ನು ನಾನು ಎದುರಿಗೆ ಸಿಕ್ಕವರಿಗೆಲ್ಲ ಹೇಳುತ್ತೇನೆ. ಸೊಸೆಯನ್ನು ಹೊಗಳಿದರೆ ಅತ್ತೆಯ ಕಿರೀಟವೇನೂ ಬೀಳುವುದಿಲ್ಲ.

"ಕಂಪ್ಯೂಟರ್ ಕೆಲಸಕ್ಕ ಹೋಗಬೇಕ್ರಿ ಅತ್ತಿ. ಹಿಂಗ ಕುಂತರ ಕಲಿತ ಗಣಿತ ಎಲ್ಲಾ ಮರತು ಹೋಗ್ತೈತಿ" ಎಂದಳು. ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ಓದಿ, ಪ್ರವೇಶ ಪರೀಕ್ಷೆಯನ್ನೂ ಬರೆದು ಬಂದಿದ್ದಳು. ಎರಡು ಕಡೆ ಸೀಟು ಸಿಗುವಂತಿತ್ತು. ಒಂದು ಎಂ.ಬಿ.ಎ., ಶನಿವಾರ ಭಾನುವಾರ ಮಾತ್ರ ಕ್ಲಾಸು. ಇನ್ನೊಂದು ಎಂ.ಸಿ.ಎ., ಎರಡು ವರ್ಷ ದಿನವಿಡೀ ಕಾಲೇಜು.

ವೀರೇಶ್ ಎಂ.ಬಿ.ಎ. ಹಿಡಿದು ಕೂತ. "ಅದರಾಗೂ ಕಂಪ್ಯೂಟರ್ ಐತಿ, ಅಂಗಡೀನೂ ನಡೀತೈತಿ. ನೌಕರಿ ಸಿಕ್ಕಮ್ಯಾಲೆ ಅಡಯಾರ್‌ನಾಗ ಫ್ಲ್ಯಾಟ್ ತಗೋಬಹುದು" ಎಂದ. ಕೂಸು ಹುಟ್ಟುವ ಮುಂಚೆ ಕುಲಾವಿ!

ಜ್ಯೋತಿ ನನ್ನ ಕಡೆ ತಿರುಗಿದಳು. "ಚೀಲದ ಮ್ಯಾಲಿನ ಕಾಯಿ ನೋಡಿ ಮಾಲು ತಗೋತೀವೇನ್ರಿ ಅತ್ತಿ? ನಡೀರಿ, ನಡುವ ಕೈ ಹಾಕಿ ನೋಡೂಣು" ಎಂದು ನನ್ನನ್ನೂ ಹೊರಡಿಸಿದಳು. ಮಾರುವವನು ಒಳ್ಳೆಯ ಕಾಯಿಗಳನ್ನು ಚೀಲದ ಬಾಯಿಗೇ ಜೋಡಿಸಿರುತ್ತಾನೆ. ಮೊಣಕೈವರೆಗೆ ಕೈ ತೂರಿಸಿ ನಡುವಿನಿಂದ ಒಂದು ಹಿಡಿ ತೆಗೆಯದೆ ನಮ್ಮವರು ದರವನ್ನೇ ಮಾತಾಡುವುದಿಲ್ಲ.

ಎಂ.ಬಿ.ಎ. ಕಾಲೇಜಿನಲ್ಲಿ ತಣ್ಣಗೆ ಎ.ಸಿ., ಕುಡಿಯಲು ಜ್ಯೂಸು, ಗೋಡೆಯ ತುಂಬ ದೊಡ್ಡ ಕೆಲಸ ಸಿಕ್ಕವರ ಫೋಟೋ. "ಇವರು ಬ್ಯಾಡ್ರಿ, ನಡುವಿನವರು ಯಾರರ ಅದಾರೇನು?" ಎಂದು ಜ್ಯೋತಿ ತಮಿಳಿನಲ್ಲಿ ಕೇಳಿದಳು. ಅಲ್ಲಿನ ಹುಡುಗಿ ಕಣ್ಣು ಕಣ್ಣು ಬಿಟ್ಟಳು. ನಾವು ಹೊರಗಿನ ಟೀ ಅಂಗಡಿಗೆ ಹೋದೆವು. ಅಲ್ಲಿ ನಿಂತಿದ್ದ ವಿದ್ಯಾರ್ಥಿಗಳನ್ನು ಜ್ಯೋತಿ ಒಬ್ಬೊಬ್ಬರನ್ನಾಗಿ ವಿಚಾರಿಸಿದಳು: ಈ ವಾರ ನೀವು ನಿಮ್ಮ ಕೈಯಾರೆ ಏನು ಮಾಡಿದಿರಿ? ಎಲ್ಲರೂ ಯಾರೋ ಮಾಡಿದ್ದನ್ನು ಪರದೆಯ ಮೇಲೆ ತೋರಿಸಿ ಮಾತಾಡಿದವರೇ. ಮೇಲೆ ಥಳಕು, ಒಳಗೆ ಹುಳುಕು ಎಂದುಕೊಂಡೆ. ಆ ಓದು ಬೇಕಾದವರಿಗೆ ಅದೇ ಸರಿ ಇರಬಹುದು, ನನ್ನ ಸೊಸೆಗಲ್ಲ.

ಎಂ.ಸಿ.ಎ. ಕಾಲೇಜಿನ ಗೋಡೆಗೆ ಸುಣ್ಣ ಕಂಡು ಯಾವ ಕಾಲವಾಗಿತ್ತೋ! ಬಸ್ ಸ್ಟಾಪಿನಲ್ಲಿದ್ದ ಒಬ್ಬ ಹುಡುಗಿ ತನ್ನ ಪ್ರೋಗ್ರಾಂ ಸೋಮವಾರದಿಂದ ಓಡುತ್ತಿಲ್ಲವೆಂದು ಅಳುಮೋರೆ ಮಾಡಿಕೊಂಡಿದ್ದಳು. ತಪ್ಪು ಎಲ್ಲಿದೆಯೆಂದು ಮೇಡಂ ಹೇಳಿಕೊಡುವುದಿಲ್ಲವಂತೆ, ಹುಡುಕುವ ತನಕ ಜೊತೆಗೆ ಕೂರುತ್ತಾರಂತೆ. ಜ್ಯೋತಿ ಅವಳ ಲ್ಯಾಪ್‌ಟಾಪಿಗೆ ತಲೆ ಬಗ್ಗಿಸಿದಳು. ಎರಡು ಬಸ್ಸು ಹೋದವು. ಆ ಮುಖದ ಕಳೆಯನ್ನು ನಾನು ನೋಡಿದೆ. ಶಾಲೆಯಿಂದ ಮನೆಗೆ ಬರುತ್ತಿದ್ದ ಕಾಲದ ಮುಖ ಅದು.

ಆದರೂ ಮನೆ ಸೇರುವಷ್ಟರಲ್ಲಿ ಅವಳು, "ಶನಿವಾರದ್ದೇ ಸಾಕ್ರಿ ಅತ್ತಿ. ದಿನಾ ಹೋದರ ಅಂಗಡಿ ಯಾರು ನೋಡ್ತಾರ?" ಎಂದಳು. ನನಗೆ ಎಲ್ಲಿತ್ತೋ ಸಿಟ್ಟು! ಇಷ್ಟು ಕೊಟ್ಟವಳು ಇನ್ನೂ ಕೊಡುತ್ತಲೇ ಇರಬೇಕೇ? ಮಾತಾಡಿದರೆ ಜಗಳವಾದೀತೆಂದು ಊಟ ಬಡಿಸಿ ಮಲಗಿದೆ.

ಮರುದಿನ ಬೆಳಿಗ್ಗೆ ಯಜಮಾನರನ್ನು ಆಟೋದಲ್ಲಿ ಕೂರಿಸಿಕೊಂಡು ಅಂಗಡಿಗೆ ಹೋದೆ. ನಮ್ಮ ಅತ್ತೆಯ ಕಾಲದಲ್ಲಿ ಹೆಂಗಸರು ಆ ಮೆಟ್ಟಿಲು ಹತ್ತಿದ್ದಿಲ್ಲ. ಯಜಮಾನರನ್ನು ಕುರ್ಚಿಯಲ್ಲಿ ಕೂರಿಸಿ ಗಲ್ಲಾ ಮುಂದೆ ನಾನು ಕೂತೆ. ಅವರಿಗೆ ಕೈ ಬಾರದು, ದರವೆಲ್ಲ ಬಾಯಲ್ಲಿದೆ. ನನಗೆ ದರ ಬಾರದು, ಕೈಕಾಲು ಗಟ್ಟಿ. ಇಬ್ಬರೂ ಸೇರಿದರೆ ಒಬ್ಬ ಪೂರಾ ವ್ಯಾಪಾರಿ. ಎಷ್ಟೋ ವರ್ಷದ ಮೇಲೆ ಅಂಗಡಿ ಕಂಡ ಅವರ ಮುಖ ಅರಳಿತು.

ಜ್ಯೋತಿ ಓಡುತ್ತ ಬಂದಳು. "ಏನಿದು ಅತ್ತಿ? ಏಳ್ರಿ, ನಿಮಗ ಘಾಟು ಆಗಂಗಿಲ್ಲ!"

"ಏಳಂಗಿಲ್ಲ. ನನ್ನ ಮಗ ಊರಾಗಿಲ್ಲ, ಯಜಮಾನ್ರು ಹಾಸಿಗಿ ಹಿಡದಾರ ಅಂತ ನಾ ಅಳೂವಾಗ ನೀ ಬಂದು ಇಲ್ಲಿ ಕುಂತಿ. ನಿನ್ನ ಉಪಕಾರ ನಾ ಹ್ಯಾಂಗ ಮರೀಲಿ ತಾಯಿ? ಹೋಗು, ಎಂ.ಸಿ.ಎ. ಸೇರು."

ಅವಳು ಬಾಗಿಲ ಪಕ್ಕದ ಚೀಲಗಳ ಹಿಂದೆ ಸರಿದು ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ಸಾಂಬಾರ್ ಪುಡಿ ಮಾಡಿ ಮಾರುವ ಮೈಲಾಪುರದ ಹೆಂಗಸು ಒಳಗೆ ಬಂದು, ಗಲ್ಲಾದಲ್ಲಿ ನನ್ನನ್ನು ಕಂಡು, ಸೊಸೆ ಎಲ್ಲಿ ಎಂದು ಕಣ್ಣಾಡಿಸಿ, "ಜ್ಯೋತಿ ಎಂಗೆ?" ಎಂದಳು.

"ಕಾಲೇಜ್ ಪೋಯಿಟ್ಟಾ. ರೇಟು ಎನ್ನೈ ಕೇಳುಮ್ಮಾ" ಎಂದೆ ಹರಕು ತಮಿಳಿನಲ್ಲಿ: ಅವಳು ಕಾಲೇಜಿಗೆ ಹೋದಳು, ದರ ನನ್ನನ್ನು ಕೇಳಮ್ಮ ಅಂತ.

"ಇನ್ನೂ ಹೋಗಿಲ್ರೀ ಅತ್ತಿ" ಎಂದಿತು ಬಾಗಿಲ ಕಡೆಯಿಂದ ಒಂದು ದನಿ.

"ಹಂಗಾರ ಸೀಕ್ರಂ, ಲಗೂನ ಹೋಗು. ಗಿರಾಕಿ ಮುಂದ ನನ್ನ ಮಾತು ಸುಳ್ಳು ಮಾಡಬ್ಯಾಡ."