ತಾಂಡೂರಿನ ಖಣಿಯಲ್ಲಿ ನಲವತ್ತು ಪುಟ

ಆಲೋಚನೆಗೆ ರೂಪವಿಲ್ಲ, ಬಣ್ಣವಿಲ್ಲ, ಭಾರವಿಲ್ಲ. ಅದು ಕ್ಷಣಾರ್ಧದಲ್ಲಿ ಎಲ್ಲಿಗೆ ಬೇಕಾದರೂ ಹೋಗಬಲ್ಲದು. ನಾನು ಮಾತ್ರ ಅಂಥ ನಲವತ್ತು ಪುಟಗಳ ಆಲೋಚನೆಯನ್ನು ಬಗಲಲ್ಲಿ ಇಟ್ಟುಕೊಂಡು, ಜಹೀರಾಬಾದಿನಿಂದ ತಾಂಡೂರಿಗೆ ಜೀಪಿನ ಹಿಂದೆ ಒಂದು ಕಾಲು ಹೊರಗೆ ಚಾಚಿ, ಅರ್ಧ ದಿನ ಪ್ರಯಾಣ ಮಾಡಬೇಕಾಯಿತು.

ಪ್ರತ್ಯೇಕ ತೆಲಂಗಾಣ ರಾಜ್ಯದ ಹೋರಾಟದ ವರ್ಷಗಳು ಅವು. ಬಸ್ಸುಗಳು ನಿಂತಿದ್ದವು, ಶಾಲೆಗೆ ಬೀಗ ಬಿದ್ದಿತ್ತು. ನ್ಯಾಲ್ಕಲ್ ಕಡೆಯ ಕನ್ನಡ ಶಾಲೆಯೊಂದರಲ್ಲಿ ಮಾಸ್ತರನಾಗಿದ್ದ ನಾನೂ ಮುಷ್ಕರದಲ್ಲಿದ್ದೆ. ನನ್ನ ಜೀವಮಾನದಲ್ಲಿ ಮಾಡಿದ ಒಂದೇ ಒಂದು ದೊಡ್ಡ ಕೆಲಸವನ್ನು ಕೆಲಸ ಬಿಟ್ಟಿದ್ದಾಗಲೇ ಮಾಡಿದೆ ಎಂಬುದನ್ನು ಇಲ್ಲಿ ನಮ್ರತೆಯಿಂದ ದಾಖಲಿಸುತ್ತೇನೆ: ಒಂದು ಕಾದಂಬರಿಯನ್ನು ಚಿತ್ರಕಥೆ ಮಾಡಿದೆ.

ಕಾದಂಬರಿ ಬರೆದವರು ತಾಂಡೂರಿನ ಕಲ್ಲಿನ ಖಣಿಯಲ್ಲಿ ಮುನ್ಶಿಯಾಗಿ ಹಾಜರಿ ಬರೆಯುತ್ತಿದ್ದ ಹಿರಿಯರು. ಬರೆದದ್ದು ಅದೊಂದೇ ಪುಸ್ತಕ. ಕಥೆ ಇಷ್ಟು: ಅಣ್ಣ ಉಳಿಯ ಮೇಲೆ ಪೆಟ್ಟು ಹಾಕುತ್ತಾನೆ, ನೆಲಕ್ಕೆ ಹಾಸುವ ಪರ್ಸಿ ಕಲ್ಲಿನ ಪದರ ಜಾರುತ್ತದೆ, ಕೆಳಗಿದ್ದ ತಮ್ಮ ಸಾಯುತ್ತಾನೆ. ಕೊಂದದ್ದು ಕೈಯೋ, ಕಲ್ಲೋ? ಕೊನೆಯ ನಲವತ್ತು ಪುಟ ಅಣ್ಣ ಕೂತಲ್ಲೇ ಕೂತು ಇದನ್ನೇ ಯೋಚಿಸುತ್ತಾನೆ. ಉತ್ತರ ಸಿಗದು ಎಂಬಲ್ಲಿಗೆ ಪುಸ್ತಕ ಮುಗಿಯುತ್ತದೆ. ನಾರಾಯಣಖೇಡದ ಸಭೆಯೊಂದರಲ್ಲಿ ಒಬ್ಬರು ಇದು ಕರ್ಮ ಸಿದ್ಧಾಂತಕ್ಕೆ ಮಾಡಿದ ಅವಮಾನ ಎಂದರು, ಇನ್ನೊಬ್ಬರು ಇದು ಹಣೆಬರಹದ ಭಜನೆ ಎಂದರು. ಕೊನೆಗೆ ಇಬ್ಬರೂ ಕುರ್ಚಿ ಎತ್ತಿದರು. ಅಂದು ಜಗಳಾಡಿದವರೆಲ್ಲ ಪುಸ್ತಕ ಕೊಂಡಿದ್ದರೆ ಎರಡನೇ ಮುದ್ರಣ ಆಗುತ್ತಿತ್ತು.

ಸಿನಿಮಾ ಮಾಡಹೊರಟವನು ನನ್ನ ಹಳೆಯ ವಿದ್ಯಾರ್ಥಿ, ಬೀದರದಲ್ಲಿದ್ದ. ನಾನು ಮಾಸ್ತರ ಬುದ್ಧಿ ಬಿಡದೆ, ಆ ನಲವತ್ತು ಪುಟಗಳನ್ನು ಪ್ರಶ್ನೋತ್ತರ ಮಾಡಿದ್ದೆ. ಅಣ್ಣ ಪ್ರಶ್ನೆ ಕೇಳಬೇಕು, ಹೆಂಡತಿ ಉತ್ತರಿಸಬೇಕು, ಬೇಸರವಾಗದಿರಲೆಂದು ನಡುವೆ ಒಂದು ಎಮ್ಮೆ. ಅವನು ಓದಿ ಫೋನ್ ಮಾಡಿದ.

“ಸರ್, ಇದು ಸಿನಿಮಾನೋ ಪರೀಕ್ಷಾನೋ? ಎಮ್ಮಿ ಒಂದೇ ಪಾಸಾಗ್ಯಾದ ನೋಡ್ರಿ.”

ಎರಡನೇ ಸಲ ಎಲ್ಲವನ್ನೂ ಹಿನ್ನೆಲೆ ದನಿಗೆ ಕೊಟ್ಟೆ. “ಇದು ರೇಡಿಯೋ ಆತು ಸರ್,” ಎಂದ. ಆಮೇಲೆ ದನಿ ತಗ್ಗಿಸಿ, “ಮುನ್ಶಿ ಸಾಬ್ರು ಎರಡು ಸಲ ಒಪ್ಪಿಗಿ ಪತ್ರದ ಸಹಿ ಮುಂದ ಹಾಕ್ಯಾರ. ಈ ಸಲನೂ ಮಾಡ್ಲಿಲ್ಲಂದ್ರ ನಾ ಕೈ ಬಿಡ್ತೀನ್ರಿ.”

ಹಾಗಾಗಿ ಜೀಪು. ದಾರಿಯಲ್ಲಿ ಹೋರಾಟಗಾರರು ರಸ್ತೆಯ ನಡುವೆಯೇ ಒಲೆ ಹೂಡಿ ಅಡುಗೆ ಮಾಡುತ್ತಿದ್ದರು. ಉಪವಾಸ ಕೂತು ಸರ್ಕಾರವನ್ನು ಬೆದರಿಸುವುದನ್ನು ಕಂಡಿದ್ದೆ, ಉಂಡು ಬೆದರಿಸುವುದು ಅಲ್ಲೇ ಮೊದಲು. “ಕುಂದರ್ರಿ ಮಾಸ್ತರ್ರೇ, ಉಣಲಾರ್ದೆ ದಾರಿ ಬಿಡಂಗಿಲ್ಲ,” ಎಂದಳು ಬಡಿಸುತ್ತಿದ್ದ ಅಕ್ಕ. ರಾಜ್ಯಕ್ಕಾಗಿ ನಾನು ಎರಡು ಸಲ ಅನ್ನ ಹಾಕಿಸಿಕೊಂಡೆ.

ಮುನ್ಶಿ ಸಾಬರು ಜಗಲಿಯ ಮೇಲೆ ಕೂತಿದ್ದರು. ಕಣ್ಣು ಮಂಜಾಗಿತ್ತು. ನಾನು ಒಪ್ಪಿಗೆ ಪತ್ರ ತೆಗೆದೆ. ಅವರು ಅದನ್ನು ಮುಟ್ಟಲಿಲ್ಲ.

“ಮಾಸ್ತರ್ರೇ, ಆ ಅಣ್ಣ ಇನ್ನೂ ಇದ್ದಾನ.”

“ಯಾವ ಅಣ್ಣ?”

“ಪುಸ್ತಕದಾಗಿನಂವ. ಅವತ್ತಿನ ಹಾಜರಿ ನಾನೇ ಬರ್ದಿದ್ದೆ. ಇಬ್ಬರದೂ ಬರ್ದಿದ್ದೆ. ಆತ ಈಗೂ ಅದೇ ಖಣಿಯಾಗ ಕಲ್ಲು ಸೀಳ್ತಾನ. ಓದು ಬರಂಗಿಲ್ಲ. ಆತನ ತಲಿಯೊಳಗ ಏನಿತ್ತೋ ನಾ ಕೇಳ್ಲೇ ಇಲ್ಲ, ನಲವತ್ತು ಪುಟ ನನ್ನ ಮನಸಿಗೆ ಬಂದಂಗ ಬರ್ದೆ. ಪುಸ್ತಕ ಆತಗ ಮುಟ್ಟಂಗಿಲ್ಲಂತ ಧೈರ್ಯ ಇತ್ತು. ಸಿನಿಮಾ ಮುಟ್ತದ.”

ಊರೂರುಗಳ ವೇದಿಕೆಯಲ್ಲಿ ಎಷ್ಟೋ ವರ್ಷ ವಾದಿಸಿದ ಪಂಡಿತರೆಲ್ಲ ನನಗೆ ನೆನಪಾದರು. ಯಾರಿಗೂ ಈ ಮನುಷ್ಯ ಗೊತ್ತಿರಲಿಲ್ಲ.

“ಕೇಳೋಣಲ್ರಿ ಹಂಗಾರ,” ಎಂದೆ. ಹೇಳುವುದು ಸುಲಭ. ಮುನ್ಶಿ ಸಾಬರಿಗೆ ಚಪ್ಪಲಿ ಹಾಕಿಕೊಳ್ಳಲು ಬಹಳ ಹೊತ್ತು ಹಿಡಿಯಿತು.

ಖಣಿಯಲ್ಲಿ ಮುಷ್ಕರವಿರಲಿಲ್ಲ, ದಿನಗೂಲಿಯವರು ಹೋರಾಟಕ್ಕೆ ಸಂಜೆ ಬರುತ್ತಿದ್ದರು. ಹತ್ತಾರು ಸುತ್ತಿಗೆಗಳ ಸದ್ದಿನ ನಡುವೆ ಆ ಅಣ್ಣ ಬಂದು ಮುನ್ಶಿ ಸಾಬರ ಕಾಲು ಮುಟ್ಟಿದ. ಸಣಕಲು ಮುದುಕ. ರೆಪ್ಪೆಯ ಮೇಲೂ ಕಲ್ಲಿನ ಪುಡಿ.

ಮುನ್ಶಿ ಸಾಬರು ಸುತ್ತು ಬಳಸಲಿಲ್ಲ. “ನಿನ್ನ ತಮ್ಮ ಹೋದದ್ದು ನಾ ಬರದೀನಿ. ನಿನಗ ಕೇಳಲಾರ್ದೆ ಬರದೀನಿ. ಈಗ ಸಿನಿಮಾ ಮಾಡಾಕ ಬಂದಾರ. ಪೂರಾ ಕೇಳು. ನೀ ಬ್ಯಾಡಂದ್ರ ಇಲ್ಲ.”

ಅವನು ತುಸು ದೂರದ ಬೇವಿನ ನೆರಳಿಗೆ ಕರೆದೊಯ್ದು ತುದಿಗಾಲಲ್ಲಿ ಕೂತ. ನಾನು ಕಾದಂಬರಿಯ ಆ ನಲವತ್ತು ಪುಟ ಓದಿದೆ. ಕರ್ತೃ, ಕಾರಣ, ಇಚ್ಛೆ, ವಿಧಿ ಎಂಬ ಮಾತುಗಳು ಬಂದಾಗಲೆಲ್ಲ ಮುನ್ಶಿ ಸಾಬರು ತಮ್ಮ ಕೈಯನ್ನೇ ನೋಡಿಕೊಳ್ಳುತ್ತಿದ್ದರು. ಮೂವತ್ತನೇ ಪುಟದ ಹತ್ತಿರ ಅವನು ಒಂದೇ ಒಂದು ಸಲ ತಡೆದ.

“ಈ ಕಥಿಯಾಗಿನಂವ ಉಣ್ಣಂಗಿಲ್ಲೇನ್ರಿ? ಕುಂತು ಬಾಳ ಹೊತ್ತಾತು.”

ಯಾವ ವಿಮರ್ಶಕರಿಗೂ ಹೊಳೆಯದ ಪ್ರಶ್ನೆ. ಓದು ಮುಗಿಸಿದೆ.

“ಇಷ್ಟು ದೊಡ್ಡ ದೊಡ್ಡ ವಿಚಾರ ನಾ ಮಾಡಿಲ್ರಿ ಮುನ್ಶಿ ಸಾಬ್,” ಎಂದ. ಅಣಕವಿರಲಿಲ್ಲ, ಯಾರಿಗೋ ಕೊಡಬೇಕಾದ್ದನ್ನು ತಾನು ತರಲಿಲ್ಲವೆಂಬ ಸಂಕೋಚವಿತ್ತು.

“ಮತ್ತ ಏನು ಮಾಡಿದಿ?”

“ಬರ್ರಿ.”

ಅವನು ಖಣಿಗಿಳಿದು ಒಂದು ದೊಡ್ಡ ಹಾಸಿನ ಎದುರು ನಿಂತು ಬಲಗೈ ಮೇಲೆತ್ತಿದ. ಹತ್ತಿರದ ಸುತ್ತಿಗೆ ನಿಂತಿತು. ಅದರಾಚೆಯದು ನಿಂತಿತು. ಹಾಗೇ ಒಂದೊಂದಾಗಿ ಖಣಿಯ ಆ ಕೊನೆಯವರೆಗೆ ಎಲ್ಲ ಸುತ್ತಿಗೆಗಳೂ ನಿಂತವು. ಯಾರೂ ಯಾಕೆಂದು ಕೇಳಲಿಲ್ಲ; ಕೆಲಸದ ರೀತಿಯೇ ಅದು ಎಂಬಂತೆ ಎಲ್ಲರೂ ನಿಂತರು. ಅಷ್ಟು ದೊಡ್ಡ ಮೌನವನ್ನು ನಾನು ಯಾವ ಗುಡಿಯಲ್ಲೂ ಕೇಳಿಲ್ಲ. ಗಾಳಿಗೆ ಯಾರದೋ ಪಂಚೆಯ ಅಂಚು ಬಡಿಯುವುದು ಕೇಳಿಸುತ್ತಿತ್ತು.

ಅವನು ಸಣ್ಣ ಸುತ್ತಿಗೆಯಿಂದ ಕಲ್ಲನ್ನು ಅಲ್ಲಲ್ಲಿ ತಟ್ಟಿದ. ಕಿವಿ ಇಟ್ಟು ಕೇಳಿದ. ಆಮೇಲೆ ನೆಟ್ಟಗಾಗಿ, ಖಣಿಯಲ್ಲಿದ್ದ ಒಬ್ಬೊಬ್ಬರನ್ನೂ, ಅವರ ಮುಖವನ್ನಲ್ಲ, ಅವರು ನಿಂತ ನೆಲವನ್ನು ನೋಡಿದ. ಬುಟ್ಟಿ ಹಿಡಿದಿದ್ದ ಹೆಂಗಸನ್ನು. ಲಾರಿಯ ಬಳಿ ಇದ್ದವನನ್ನು. ನನ್ನನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿಯಲು ಕೈ ಮಾಡಿದ, ಸರಿದೆ. ಕೊನೆಗೆ ಮುನ್ಶಿ ಸಾಬರನ್ನು ನೋಡಿದ. ಪೆಟ್ಟು ಹಾಕಿದ. ಕಲ್ಲು ಉದ್ದಕ್ಕೆ, ನೂಲು ಹಿಡಿದಂತೆ ಸೀಳಿತು. ಸುತ್ತಿಗೆಗಳು ಮತ್ತೆ ಶುರುವಾದವು.

“ಅವತ್ತಿಂದ ಪ್ರತಿ ಕಲ್ಲಿಗೂ ಇಷ್ಟ ಮಾಡ್ತೀನ್ರಿ. ಅವತ್ತ ಕಲ್ಲು ಛಲೋ ನುಡೀತು, ಹೊಡ್ದೆ. ತಮ್ಮ ಎಲ್ಲಿ ನಿಂತಾನ ನೋಡಿರ್ಲಿಲ್ಲ.”

ಅಷ್ಟೇ. ಉತ್ತರ ಸಿಗದು ಎಂದು ಪುಸ್ತಕ ಬಿಟ್ಟುಹೋದ ಜಾಗದಲ್ಲಿ ಅವನು ಆ ಮಾತಿಟ್ಟು ಮುಖದ ಪುಡಿ ಒರೆಸಿಕೊಂಡ. ಇಷ್ಟು ವರ್ಷ ದಿನಕ್ಕೆ ಎಷ್ಟು ಸಲವೋ ಕೈ ಎತ್ತಿ, ಇಡೀ ಖಣಿಯನ್ನು ನಿಲ್ಲಿಸಿ, ಒಬ್ಬೊಬ್ಬರ ಪಾದ ನೋಡಿ ಪೆಟ್ಟು ಹಾಕಿದ ಮನುಷ್ಯನ ಎದುರು, ಬಗಲಲ್ಲಿ ಚಿತ್ರಕಥೆ ಇಟ್ಟುಕೊಂಡು ನಾನು ಹೇಗೆ ನಿಲ್ಲಬೇಕೆಂದು ತಿಳಿಯಲಿಲ್ಲ. ಕೈಕಟ್ಟಿ ನಿಂತೆ. ಇನ್‌ಸ್ಪೆಕ್ಟರು ಶಾಲೆಗೆ ಬಂದಾಗಲೂ ಹಾಗೆ ನಿಂತವನಲ್ಲ.

ಮುನ್ಶಿ ಸಾಬರು ಒಂದು ಪರ್ಸಿಯ ಮೇಲೆ ಕುಸಿದಂತೆ ಕೂತರು. ಮಂಜುಗಣ್ಣಿನಲ್ಲಿ ಎಷ್ಟು ಕಂಡಿತೋ, ಕಿವಿಗೆ ಎಲ್ಲ ಕಂಡಿತ್ತು. “ನಾ ಹಾಜರಿ ಹಿಡಕೊಂಡು ದಿನಾ ಇಲ್ಲೇ ನಿಲ್ತಿದ್ದೆ,” ಎಂದರು. “ಆತ ಕೈ ಎತ್ತೋದು ದಿನಾ ನೋಡೀನಿ. ಕಲ್ಲು ಪರೀಕ್ಷಾ ಮಾಡ್ತಾನ ಅನ್ಕೊಂಡಿದ್ದೆ.”

“ಸಿನಿಮಾ ಮಾಡ್ರಿ ಸಾಬ್,” ಎಂದ ಅವನು. “ತಮ್ಮನ ಪಾತ್ರದಂವ ಎತ್ತರ ಇರ್ಲಿ. ನನಗಿಂತ ಎತ್ತರಿದ್ದ ಅಂವ.”

ಮುನ್ಶಿ ಸಾಬರು ನನ್ನತ್ತ ತಿರುಗಿದರು. “ನಲವತ್ತು ಪುಟ ತೆಗೀರಿ ಮಾಸ್ತರ್ರೇ.”

“ಒಂದೆರಡು ಸಾಲಾದರೂ...” ಎಂದೆ.

“ತೆಗೀರಿ ಅಂದೆ.”

ಒಪ್ಪಿಗೆ ಪತ್ರಕ್ಕೆ ಅವರು ಅಲ್ಲೇ, ಕಲ್ಲಿನ ಮೇಲೆ ಇಟ್ಟುಕೊಂಡು ಸಹಿ ಮಾಡಿದರು. ಮುಷ್ಕರ ಮುಗಿದ ಮೇಲೆ ಅದೇ ಖಣಿಯಲ್ಲಿ ಚಿತ್ರೀಕರಣ ನಡೆಯಿತು. ಅಣ್ಣ ಕೈ ಎತ್ತುವ ಕೊನೆಯ ದೃಶ್ಯದಲ್ಲಿ ಮಾತಿಲ್ಲ.