ದಡದಲ್ಲಿ ಎಲ್ಲಾ ಫುಲ್ಲೇ

ಜೆ.ಪಿ. ನಗರದಾಚೆಯ ಕೆರೆಯಲ್ಲಿ ಬ್ಯಾಟರಿ ದೋಣಿ ಓಡುವುದು ಭಾನುವಾರ ಮಾತ್ರ. ಮಿಕ್ಕ ಆರು ದಿನ ಆ ಬ್ಯಾಟರಿಗಳಿಗಾಗಿ ಹೆದರುವುದು ಇಟ್ಟಮಡುವಿನ ಬೈಲಪ್ಪನ ಉದ್ಯೋಗ. ಭಾನುವಾರ ಸಂಜೆಯೇ ಎರಡನ್ನೂ ಬಿಚ್ಚಿ, ಹಸುಗೂಸಿನಂತೆ ಎದೆಗವಚಿ ತಂದು, ಶೆಡ್ಡಿನ ಹಲಗೆಯ ಮೇಲಿಟ್ಟು ಚಾರ್ಜಿಗೆ ಹಾಕುತ್ತಾನೆ. ಕರೆಂಟ್ ಹೋದರೆ ಅವನ ಮುಖದ ಕಳೆಯೂ ಹೋಗುತ್ತದೆ. ದಿನಕ್ಕೆ ಹತ್ತು ಸಲ ಮೀಟರ್ ಹಿಡಿಯುತ್ತಾನೆ. ಮುಳ್ಳು ಸರಿಯಾಗಿ ನಿಂತರೆ ಮೀಟರಿನ ಮೇಲೇ ಅನುಮಾನ. “ಫುಲ್ ಇದ್ಯಲ್ಲ ಬೈಲಪ್ಪಾ?” ಎಂದು ವಾಚ್‌ಮನ್ ನಕ್ಕರೆ, “ದಡದಲ್ಲಿ ಎಲ್ಲಾ ಬ್ಯಾಟ್ರಿನೂ ಫುಲ್ಲೇ ಅಣ್ಣ” ಎನ್ನುತ್ತಾನೆ. ಮೊದಲು ಹೀಗಿರಲಿಲ್ಲ, ಶನಿವಾರ ಮಾತ್ರ ಚಾರ್ಜ್ ಮಾಡುತ್ತಿದ್ದ. 2003ರಲ್ಲಿ ಆಯುಧಪೂಜೆ ಶನಿವಾರವೇ ಬಂತು. ಚಾರ್ಜರಿಗೂ ಕುಂಕುಮವಿಟ್ಟು, ಪೂಜೆಗಿಟ್ಟಿದ್ದನ್ನು ಮುಟ್ಟಬಾರದೆಂದು ಹಾಗೇ ಬಿಟ್ಟ. ಮರುದಿನ ದೋಣಿ ನಡುನೀರಿನಲ್ಲಿ ನಿಂತಿತು. ಯಾರೋ ತೆಪ್ಪದಲ್ಲಿ ಹೋಗಿ ಎಳೆದು ತರುವವರೆಗೂ ಅದರಲ್ಲಿದ್ದ ಮಗಳು ಕಲ್ಯಾಣಿ ಎರಡು ಗಂಟೆ “ಅಪ್ಪಾ” ಎಂದು ಕೂಗಿದಳು, ಈಜು ಬಾರದ ಅಪ್ಪ ದಡದಲ್ಲೇ ನಿಂತಿದ್ದ. ಈಗ ಹಬ್ಬಕ್ಕೆ ಸ್ಪ್ಯಾನರಿಗೂ ಚೆಂಡುಹೂ ಏರಿಸುತ್ತಾನೆ. ಚಾರ್ಜರ್ ಮಾತ್ರ ಪಕ್ಕದಲ್ಲಿ ಗುಂಯ್‌ಗುಡುತ್ತಿರುತ್ತದೆ. “ಇದೊಂದನ್ನ ಕೇಳ್ಬೇಡ ತಾಯೀ” ಎಂದು ಕೈಮುಗಿಯುವಾಗಲೂ ಅವನು ಕಣ್ಣು ಮುಚ್ಚುವುದಿಲ್ಲ, ಮುಳ್ಳನ್ನೇ ನೋಡುತ್ತಿರುತ್ತಾನೆ.