ಬಲೆ ಹೆಣೆಯುವವರ ಪೈಲ್ವಾನ

ಹೊನ್ನಾವರದ ಬಂದರಿನಲ್ಲಿ ಬಲೆ ಹೆಣೆಯುತ್ತಿದ್ದ ಹಿರಿಯರೊಬ್ಬರಿಗೆ ಟಿವಿ ಕುಸ್ತಿಯ ಹುಚ್ಚು. ಮಳೆಗಾಲದಲ್ಲಿ ಮೀನುಗಾರಿಕೆ ನಿಂತಾಗ ಶೆಡ್ಡಿನ ಟಿವಿಯೆದುರು ಕೂತೇ ಹರಿದ ಬಲೆ ಸರಿಮಾಡುತ್ತಿದ್ದರು. ಮೆಚ್ಚಿನ ಪೈಲ್ವಾನ ನೆಲಕ್ಕೆ ಬಿದ್ದರೆ ಅವರ ಸೂಜಿ ನಿಲ್ಲುತ್ತಿತ್ತು. ಅವನು ಏಳುವವರೆಗೆ ಬಲೆಗೆ ಗಂಟು ಹಾಕಬಾರದೆಂಬುದು ಅವರದೇ ನೇಮ.

“ಎಂತ ಮಾರಾಯಾ, ಬಲೆ ಮುಗಿಯೂದು ಯಾವಾಗ?” ಎಂದು ಬೋಟಿನ ಮಾಲೀಕ ರೇಗಿದರೆ, “ತಡೀರಿ, ಅಂವ ಏಳ್ತಾ” ಎನ್ನುತ್ತಿದ್ದರು.

ಆ ವರ್ಷಗಳಲ್ಲಿ ಕುಸ್ತಿ ಕಂಪನಿ ವಾರವಾರವೂ ಆ ಪೈಲ್ವಾನನನ್ನೇ ಗೆಲ್ಲಿಸುತ್ತಿತ್ತು. ನೋಡುವವರು ಅವನನ್ನು ಮೆಚ್ಚುವವರು, ಅವನ ಗೆಲುವಿಗೆ ಬೇಸತ್ತವರು ಎಂದು ಎರಡು ಪಂಗಡವಾದರು. ಶೆಡ್ಡಿನಲ್ಲಿ ಅವನ ಪಂಗಡಕ್ಕೆ ಇವರೊಬ್ಬರೇ. ಆಗ ಕಾಲೇಜಿನಲ್ಲಿದ್ದು, ಕುಸ್ತಿ ನೋಡಲು ಶೆಡ್ಡಿಗೆ ಹೋಗುತ್ತಿದ್ದ ನಾನು ಒಮ್ಮೆ, “ಎಲ್ಲ ಮೊದಲೇ ಬರೆದಿಟ್ಟ ನಾಟಕ” ಎಂದೆ.

“ಯಕ್ಷಗಾನದಲ್ಲಿ ಕೌರವ ಸಾಯೂದು ನಿಂಗೆ ಗೊತ್ತಿಲ್ವ? ಆದ್ರೂ ಹೋಗ್ತೆ ಅಲ್ದ?” ಎಂದು ನಕ್ಕರು.

ಒಂದು ದಿನ ದೊಡ್ಡ ಪಂದ್ಯ ಮುಗಿದಾಗ ಅವರು ಕಣ್ಣೊರೆಸಿಕೊಂಡರು. “ಅಂವ ಈಗ ಮನೇಲಿ ಎಂತ ಹೇಳ್ತಾ?” ಎಂದರು. ಪೈಲ್ವಾನ ಸೋತಿದ್ದನೆಂದೇ ಇಷ್ಟು ವರ್ಷ ನಂಬಿದ್ದೆ.

ಮೊನ್ನೆ ಮೊಬೈಲಿನಲ್ಲಿ ಆ ಪಂದ್ಯ ಸಿಕ್ಕಿತು. ಅವನು ಗೆದ್ದಿದ್ದ. ಗೆದ್ದವನಿಗೆ ಕೊಡುವ ಬೆಲ್ಟ್ ಎತ್ತಿ ಹಿಡಿದು ನಿಂತಿದ್ದರೆ, ಇಡೀ ಕ್ರೀಡಾಂಗಣ ಅವನನ್ನು ಹೀಯಾಳಿಸಿ ಕೂಗುತ್ತಿತ್ತು. ಶೆಡ್ಡಿನಲ್ಲಿ ನಾವೂ ಕೂಗಿದ್ದೆವು. ಅವರ ಕಣ್ಣು ತುಂಬಿದ್ದು ಅದಕ್ಕೇ ಇರಬೇಕು.

ಮೊದಲು ಕೂಗಿದ್ದು ನಾನೇ? ನೆನಪು ‘ಅಲ್ಲ’ ಎನ್ನುತ್ತದೆ. ಆದರೆ ಅವನು ಸೋತನೆಂದು ನನಗೆ ಹೇಳಿದ್ದೂ ಇದೇ ನೆನಪು.

ವಿಡಿಯೋದ ಸದ್ದನ್ನು ಪೂರ್ತಿ ತಗ್ಗಿಸಿದೆ. ಅವನು ಬೆಲ್ಟ್ ಎತ್ತಿ ಹಿಡಿಯುವುದನ್ನು ಅವರ ಪರವಾಗಿ ಮತ್ತೊಮ್ಮೆ ನೋಡಿದೆ.